ಸಬ್ರ್ ಕೆಲಸಗಾರನಿಗೆ ಮಾತ್ರವೇ?

(ಜುಮುಅ ಪ್ರವಚನದ ಸಾರಾಂಶ)



ಸಹೋದರರೇ, ಕಳೆದ ವಾರ ಮಗ್ರಿಬ್ ನಮಾಝಿನ ಬಳಿಕ ಒಬ್ಬ ಯುವಕ ನಮ್ಮ ಕೋಣೆಗೆ ಬಂದ. ಪರವೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವವನು, ರಜೆಯಲ್ಲಿ ಊರಿಗೆ ಬಂದಿದ್ದ. ವ್ಯಾಪಾರ ಕುಸಿದಿದೆ ಎಂದು ಅಲ್ಲಿ ಸಂಬಳ ಕಡಿತ ಮಾಡಿದ್ದಾರಂತೆ, ಕೆಲಸದ ಗಂಟೆ ಮಾತ್ರ ಹೆಚ್ಚಾಗಿದೆಯಂತೆ. ಜೊತೆಗಾರರು ಮುಷ್ಕರದ ಮಾತಾಡುತ್ತಿದ್ದಾರೆ. "ಉಸ್ತಾದ್, ಮುಷ್ಕರ ಹಲಾಲೋ ಹರಾಮೋ? ಒಂದೇ ಮಾತಲ್ಲಿ ಹೇಳಿಬಿಡಿ" ಎಂದ. ನಮಗೆ ಒಂದೇ ಮಾತಲ್ಲಿ ಹೇಳಲಾಗಲಿಲ್ಲ. ಅವನಿಗೆ ಚಾ ಕುಡಿಸಿ ಕಳಿಸಿದೆವು. ಆ ಪ್ರಶ್ನೆ ಮಾತ್ರ ಇಡೀ ವಾರ ನಮ್ಮ ಬೆನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಒಂದು ಚರಿತ್ರೆ. ನಾವು ಮದ್ರಸ ಮುಗಿಸಿ ಬಿ.ಎ. ಓದುವಾಗ ಇತಿಹಾಸ ಒಂದು ವಿಷಯವಾಗಿತ್ತು. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿದು, ನಾಲ್ಕು ವರ್ಷಗಳಲ್ಲಿ ಅಲ್ಲಿನ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲದಂತಾದುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಬಡ್ಡಿಯ ಅನಾಹುತಕ್ಕೆ ಉದಾಹರಣೆಯಾಗಿ ಅದನ್ನು ಮಿಂಬರಿನಿಂದ ಹೇಳಿಯೂ ಇದ್ದೇವೆ. ಆದರೆ ಆ ಕಾಲದಲ್ಲಿ ಕೆಲಸ ಉಳಿಸಿಕೊಂಡವನ ಪಾಡು ಏನಾಯಿತು ಎಂದು ಆಗ ಕೇಳಿಕೊಂಡಿರಲಿಲ್ಲ. ಕೆಲಸ ಹೋದವನ ಹಸಿವು ಎಲ್ಲರಿಗೂ ಕಾಣುತ್ತದೆ. ಕೆಲಸ ಇರುವವನ ಹೆದರಿಕೆ ಕಾಣುವುದಿಲ್ಲ. ಗೇಟಿನ ಹೊರಗೆ ನೂರು ಜನ ಕಾಯುತ್ತಿರುವಾಗ ಒಳಗಿದ್ದವನು ಏನು ಹೇಳಿದರೂ ತಲೆಯಾಡಿಸಬೇಕು.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫ್ಲಿಂಟ್ ಎಂಬ ಊರಿದೆ. ಆಗ ಒಂದೂವರೆ ಲಕ್ಷದಷ್ಟು ಜನಸಂಖ್ಯೆ. ಊರಿಗೆ ಊರೇ ಜನರಲ್ ಮೋಟರ್ಸ್ ಎಂಬ ಕಾರು ಕಂಪೆನಿಯ ಅನ್ನ ತಿನ್ನುತ್ತಿತ್ತು. ಬಾಡಿ ತಯಾರಿಸುವ ಫಿಶರ್ ಕಾರ್ಖಾನೆಗಳು, ಶೆವರ್ಲೆ, ಬ್ಯೂಕ್, ಎಲ್ಲವೂ ಅಲ್ಲಿದ್ದವು. ಕಾರುಗಳು ಒಂದು ಸಾಲಿನಲ್ಲಿ ಚಲಿಸುತ್ತಾ ಬರುತ್ತವೆ, ಕೆಲಸಗಾರ ನಿಂತಲ್ಲೇ ನಿಂತು ತನ್ನ ಪಾಲಿನ ಬೋಲ್ಟು ಬಿಗಿಯುತ್ತಾನೆ. ಆ ಸಾಲಿನ ವೇಗ ಮೇಸ್ತ್ರಿಯ ಕೈಯಲ್ಲಿ. ಹಿಂಜರಿತದ ವರ್ಷಗಳಲ್ಲಿ ಅದರ ವೇಗ ಏರುತ್ತಾ ಹೋಯಿತು. ಮೂತ್ರಕ್ಕೆ ಹೋಗಬೇಕಾದರೆ ಬದಲಿ ಆಳು ಬರುವ ತನಕ ಕಾಯಬೇಕು. ಮನೆಗೆ ಬಂದರೆ ಬೆರಳು ಬಿಡಿಸಲಾಗದು, ಮಕ್ಕಳ ಜೊತೆ ಕೂತು ಉಣ್ಣುವಷ್ಟು ತ್ರಾಣವಿಲ್ಲ. 1936ರ ಜುಲೈಯಲ್ಲಿ ಮಿಶಿಗನ್‌ನಲ್ಲಿ ಭೀಕರ ಸೆಕೆ ಬಂದು ಕೆಲಸಗಾರರು ಯಂತ್ರಗಳ ಬಳಿಯೇ ಕುಸಿದು ಬಿದ್ದರು. ಕಾರಿನ ಹೊಸ ಮಾದರಿ ಬರುವಾಗ ತಿಂಗಳುಗಟ್ಟಲೆ ಮನೆಗೆ ಕಳಿಸುತ್ತಿದ್ದರು. ಮತ್ತೆ ಕರೆಯುವಾಗ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ಮೇಸ್ತ್ರಿಯ ಮರ್ಜಿ. ಕಂಪೆನಿಗೇನೂ ನಷ್ಟವಿರಲಿಲ್ಲ, ನೆನಪಿಡಿ. 1936ರಲ್ಲಿ ಅದರ ಲಾಭ ಇಪ್ಪತ್ತು ಕೋಟಿ ಡಾಲರಿಗೂ ಹೆಚ್ಚು.

ಇಲ್ಲಿ ಸ್ವಲ್ಪ ನಿಲ್ಲೋಣ. ಮದ್‌ಯನ್‌ನ ಆ ವೃದ್ಧರ ಕಥೆ ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿದೆ. ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದ ಮೂಸಾ(ಅ)ರ ಕೈಯಲ್ಲಿ ಏನೂ ಇರಲಿಲ್ಲ. ಊರು ಗೊತ್ತಿಲ್ಲ, ಪರಿಚಯವಿಲ್ಲ, ಹಸಿದ ಹೊಟ್ಟೆ. ಅಂಥವನನ್ನು ಕೆಲಸಕ್ಕೆ ಇಟ್ಟುಕೊಳ್ಳುವವನು ಯಾವ ಷರತ್ತು ಹಾಕಿದರೂ ನಡೆಯುತ್ತಿತ್ತು. ಆದರೆ ಆ ವೃದ್ಧರು ಮಾಡಿದ್ದೇನು? ಎಂಟು ವರ್ಷದ ದುಡಿಮೆ ಎಂದು ಅವಧಿ ಹೇಳಿದರು, ಹತ್ತು ಪೂರ್ತಿ ಮಾಡಿದರೆ ಅದು ನಿನ್ನ ಔದಾರ್ಯ ಎಂದರು, ನಿನ್ನನ್ನು ಕಷ್ಟಕ್ಕೆ ಗುರಿಪಡಿಸುವ ಇರಾದೆ ನನಗಿಲ್ಲ ಎಂದೂ ಸೇರಿಸಿದರು. ಆ ಕೊನೆಯ ಮಾತನ್ನು ಕೆಲಸ ಕೊಡುವವನ ಬಾಯಿಂದಲೇ ಬಂದ ಮಾತಾಗಿ ಅಲ್ಲಾಹನು ಉಳಿಸಿದ್ದಾನೆ. ಅಬೂದರ್(ರ) ವರದಿ ಮಾಡಿದ ಬುಖಾರಿಯ ಹದೀಸನ್ನೂ ನೀವು ಕೇಳಿದ್ದೀರಿ. ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ತಾಳಲಾರದ ಭಾರ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಕೊಡಿ ಎಂಬುದು ಅದರ ಸಾರ. ಆ ಮೇಸ್ತ್ರಿ ಸಾಲಿನ ವೇಗ ಹೆಚ್ಚಿಸಿ ತಾನೂ ಬಂದು ಬೋಲ್ಟು ಬಿಗಿದಿದ್ದರೆ ಮಾತು ಬೇರೆ.

ಸರಿ, ಫ್ಲಿಂಟ್‌ಗೆ ಮರಳೋಣ. ಕೆಲಸಗಾರರು ಸಂಘ ಕಟ್ಟಬಹುದು, ಮಾಲಕರು ಅದನ್ನು ತಡೆಯುವಂತಿಲ್ಲ ಎಂದು 1935ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತ್ತು. ವ್ಯಾಗ್ನರ್ ಕಾಯ್ದೆ ಎನ್ನುತ್ತಾರೆ. ಕಂಪೆನಿಗಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಜನರಲ್ ಮೋಟರ್ಸ್ ಖಾಸಗಿ ಪತ್ತೆದಾರರನ್ನು ಕೆಲಸಗಾರರ ಮಧ್ಯೆ ಬಿಟ್ಟಿತ್ತು. 1934ರ ಆರಂಭದಿಂದ 1936ರ ನಡುವಿನ ತನಕ ಇಂತಹ ಬೇಹುಗಾರಿಕೆಗೆ ಅದು ಸುರಿದದ್ದು ಎಂಟು ಲಕ್ಷ ಡಾಲರಿಗೂ ಹೆಚ್ಚು ಎಂದು ಸೆನೆಟಿನ ಲಾ ಫಾಲೆಟ್ ಸಮಿತಿ ಬಯಲಿಗೆಳೆಯಿತು. ಪಕ್ಕದಲ್ಲಿ ಕೂತು ಉಣ್ಣುವವನು ಗೂಢಚಾರನೋ ಸ್ನೇಹಿತನೋ ತಿಳಿಯದು. ಸಂಬಳಕ್ಕೆ ದುಡ್ಡಿಲ್ಲ, ಚಾಡಿಗೆ ದುಡ್ಡಿದೆ! ಒಬ್ಬರ ಗುಟ್ಟು ಹುಡುಕುವುದನ್ನು ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿರುವುದು ನಿಮಗೆ ಗೊತ್ತೇ ಇದೆ.

1936ರ ಡಿಸೆಂಬರ್ 30ರಂದು ಫಿಶರ್ ಒಂದನೇ ಕಾರ್ಖಾನೆಯಿಂದ ಅಚ್ಚುಗಳನ್ನು ರೈಲಿಗೆ ತುಂಬುತ್ತಿದ್ದಾರೆ ಎಂಬ ಸುದ್ದಿ ಬಂತು. ಕಾರಿನ ಮೈಯನ್ನು ಒತ್ತಿ ತೆಗೆಯುವ ಅಚ್ಚುಗಳವು. ಸಂಘ ದುರ್ಬಲವಾಗಿರುವ ಬೇರೆ ಊರಿಗೆ ಅವು ಹೋದರೆ ಇಲ್ಲಿ ಮುಷ್ಕರ ಮಾಡಿಯೂ ಪ್ರಯೋಜನವಿಲ್ಲ. ಹೊಸ ವರ್ಷಕ್ಕೆ ಹೊಸ ರಾಜ್ಯಪಾಲ ಫ್ರ್ಯಾಂಕ್ ಮರ್ಫಿ ಅಧಿಕಾರ ವಹಿಸಿಕೊಂಡ ನಂತರ ಹೊರಡೋಣ ಎಂದು ಸಂಘದವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಲೆಕೆಳಗಾಯಿತು. ಅಂದು ರಾತ್ರಿಯೇ ಕೆಲಸಗಾರರು ಯಂತ್ರ ನಿಲ್ಲಿಸಿದರು. ಆದರೆ ಹೊರಗೆ ಬರಲಿಲ್ಲ, ಒಳಗೇ ಕೂತರು. ಹೊರಗೆ ನಿಂತರೆ ಪೊಲೀಸರು ಲಾಠಿ ಬೀಸುತ್ತಾರೆ, ಒಳಗೆ ಬೇರೆ ಆಳುಗಳನ್ನು ತುಂಬುತ್ತಾರೆ. ಒಳಗೇ ಕೂತರೆ ಎರಡೂ ಆಗದು.

ಹಾಗೆ ಅವರು ಕೂತದ್ದು ನಲವತ್ತನಾಲ್ಕು ದಿನ.

ಆ ನಲವತ್ತನಾಲ್ಕು ದಿನ ಒಳಗೆ ಹೇಗಿದ್ದರು ಎಂಬುದೇ ನಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಭಾಗ. ಕಾರಿನ ಸೀಟುಗಳ ಮೇಲೆ ಮಲಗಿದರು. ಮದ್ಯಕ್ಕೆ ಪ್ರವೇಶವಿಲ್ಲ ಎಂದು ತೀರ್ಮಾನಿಸಿದರು. ಗುಡಿಸಲು ಒಂದು ಸಮಿತಿ, ಬೆಂಕಿ ಬೀಳದಂತೆ ಕಾಯಲು ಒಂದು, ಊಟಕ್ಕೆ ಒಂದು. ಪ್ರತಿದಿನ ಸ್ನಾನ ಮಾಡಲೇಬೇಕು, ತಪ್ಪಿದವನನ್ನು ತಮ್ಮದೇ ಪಂಚಾಯಿತಿಯ ಮುಂದೆ ನಿಲ್ಲಿಸಿ ತಮಾಷೆಯ ಶಿಕ್ಷೆ ಕೊಡುತ್ತಿದ್ದರು. ಯಂತ್ರಗಳನ್ನು ಹಾಳುಮಾಡಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಹೊರಗೆ ಹೆಂಗಸರು, ಗೆಳೆಯರು ಅಡುಗೆ ಮನೆ ನಡೆಸಿ ದಿನವೂ ಸಾವಿರಾರು ಜನರಿಗೆ ಬೇಯಿಸಿದರು. ನಮ್ಮ ಮದುವೆಗಳ ಅಡುಗೆ ನೋಡಿದವರಿಗೆ ಅದರ ಕಷ್ಟ ಗೊತ್ತು. ಅದೂ ಒಂದು ದಿನದ್ದಲ್ಲ.

1937ರ ಜನವರಿ 11ರಂದು, ಮಿಶಿಗನ್‌ನ ಕೊರೆಯುವ ಚಳಿಯಲ್ಲಿ, ಕಂಪೆನಿಯು ಫಿಶರ್ ಎರಡನೇ ಕಾರ್ಖಾನೆಯ ಶಾಖವನ್ನು ನಿಲ್ಲಿಸಿತು. ಊಟ ಹೋಗುವ ಗೇಟನ್ನು ಮುಚ್ಚಿತು. ಕೆಲಸಗಾರರು ಗೇಟು ಒಡೆದು ಊಟ ತರಿಸಿಕೊಂಡರು. ಪೊಲೀಸರು ಅಶ್ರುವಾಯು ಎಸೆದರು, ಇವರು ಬೆಂಕಿಯಾರಿಸುವ ನೀರಿನ ಪೈಪು ಹಿಡಿದರು, ಕಾರಿನ ಬಾಗಿಲಿನ ಕಬ್ಬಿಣದ ಕೀಲು ಎಸೆದರು. ಗಾಳಿ ತಿರುಗಿ ಹೊಗೆ ಪೊಲೀಸರ ಮೇಲೇ ಹೋಯಿತು. ಹಿಂದೆ ಸರಿಯುತ್ತಾ ಪೊಲೀಸರು ಗುಂಡು ಹಾರಿಸಿದರು. ಹಲವರಿಗೆ ಗುಂಡು ತಗಲಿತು, ಯಾರೂ ಸಾಯಲಿಲ್ಲ. ಅಂದು ಧ್ವನಿವರ್ಧಕದ ಗಾಡಿಯ ಮೈಕು ಹಿಡಿದು ಊರ ಹೆಂಗಸರನ್ನು ಮುಂದೆ ಬರಲು ಕರೆದವಳು ಜೆನೋರಾ ಜಾನ್ಸನ್ ಎಂಬ ಇಪ್ಪತ್ತಮೂರರ ತರುಣಿ, ಮುಷ್ಕರ ಹೂಡಿದ ಕೆಲಸಗಾರನೊಬ್ಬನ ಹೆಂಡತಿ. ಆನಂತರ ಆಕೆ ಹೆಂಗಸರ ಒಂದು ದಳವನ್ನೇ ಕಟ್ಟಿದಳು. ಕಾರ್ಖಾನೆಯೊಳಗೆ ದುಡಿಯುತ್ತಿದ್ದ ಹೆಂಗಸರನ್ನು ಮಾತ್ರ ಮೊದಲ ದಿನವೇ ಮನೆಗೆ ಕಳಿಸಿದ್ದರು, ಜನ ಏನಾದರೂ ಆಡಿಕೊಂಡಾರು ಎಂದು. ಕಪ್ಪು ಜನರಿಗೆ ಆ ಕಂಪೆನಿ ಕೊಡುತ್ತಿದ್ದುದು ಗುಡಿಸುವ ಕೆಲಸ, ಇಲ್ಲವೇ ಎರಕದ ಕುಲುಮೆಯ ಕೆಲಸ. ಆ ತಾರತಮ್ಯ ಈ ಮುಷ್ಕರದಿಂದ ತೊಲಗಲಿಲ್ಲ. ಆ ಚಳವಳಿ ನಿರ್ಮಲವಾಗಿತ್ತು ಎಂದು ನಾವು ಹೇಳುವುದಿಲ್ಲ.

ಈಗ ನ್ಯಾಯಾಧೀಶನ ಮಾತು. ಕಾರ್ಖಾನೆ ಖಾಲಿ ಮಾಡಬೇಕು ಎಂದು ಜನವರಿಯ ಮೊದಲಲ್ಲೇ ಎಡ್ವರ್ಡ್ ಬ್ಲ್ಯಾಕ್ ಎಂಬ ನ್ಯಾಯಾಧೀಶ ಆದೇಶ ಕೊಟ್ಟ. ಸಂಘದವರು ತಡಕಾಡಿ ನೋಡಿದರೆ ಆತನ ಹೆಸರಿನಲ್ಲಿ ಜನರಲ್ ಮೋಟರ್ಸಿನ ಮೂರು ಸಾವಿರಕ್ಕೂ ಹೆಚ್ಚು ಷೇರು! ಆ ಆದೇಶ ಅಲ್ಲಿಗೇ ಬಿದ್ದುಹೋಯಿತು. ಖಾಝಿಯಾದವನು ತನಗೆ ಪಾಲಿರುವ ವ್ಯಾಜ್ಯದಲ್ಲಿ ತೀರ್ಪು ಹೇಳಬಾರದು ಎಂದು ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಓದಿದ್ದೇವೆ, ಓದಿಸಿದ್ದೇವೆ. ಈ ಸಂಗತಿಯನ್ನು ಮೊದಲು ಓದಿದಾಗ ನಮಗೆ ನಗು ಬಂದಿತ್ತು. ಆ ನಗು ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನೂ ಹೇಳುತ್ತೇವೆ.

ರಾಜ್ಯಪಾಲ ಮರ್ಫಿ ಸೈನ್ಯ ಕರೆಸಿದ, ಆದರೆ ಕೆಲಸಗಾರರನ್ನು ಹೊರದಬ್ಬಲು ಬಳಸಲಿಲ್ಲ. ಗಲಾಟೆಯಾಗದಂತೆ ಕಾಯಲು ಮಾತ್ರ ನಿಲ್ಲಿಸಿದ. ಫೆಬ್ರವರಿ 2ರಂದು ಮತ್ತೊಬ್ಬ ನ್ಯಾಯಾಧೀಶ ತೆರವಿನ ಆದೇಶ ಕೊಟ್ಟಾಗಲೂ ಬಲಪ್ರಯೋಗಕ್ಕೆ ಒಪ್ಪದೆ ಎರಡೂ ಕಡೆಯವರನ್ನು ಮಾತುಕತೆಗೆ ಕೂರಿಸಿದ. ಅದರ ಹಿಂದಿನ ದಿನವೇ ಕೆಲಸಗಾರರು ಶೆವರ್ಲೆಯ ನಾಲ್ಕನೇ ಕಾರ್ಖಾನೆಯಲ್ಲೂ ಕೂತುಬಿಟ್ಟಿದ್ದರು. ಎಂಜಿನ್ ತಯಾರಾಗುವುದು ಅಲ್ಲಿ. ಎಂಜಿನ್ ಇಲ್ಲದೆ ಕಾರು ಎಲ್ಲಿಂದ? ಫೆಬ್ರವರಿ 11ರಂದು ಒಪ್ಪಂದವಾಯಿತು. ಚಿಕ್ಕ ಕಾಗದ ಅದು. ಸಂಘವನ್ನು ಅದರ ಸದಸ್ಯರ ಪರವಾಗಿ ಮಾತಾಡುವವರೆಂದು ಒಪ್ಪುತ್ತೇವೆ, ಮುಷ್ಕರ ಮಾಡಿದವರ ಮೇಲೆ ಸೇಡು ತೀರಿಸುವುದಿಲ್ಲ ಎಂಬಿಷ್ಟು ಮುಖ್ಯ ಮಾತು. ಜೊತೆಗೆ ಗಂಟೆಗೆ ಐದು ಸೆಂಟು ಹೆಚ್ಚಳ. ಊಟದ ವಿರಾಮದಲ್ಲಿ ಸಂಘದ ಬಗ್ಗೆ ಮಾತಾಡಬಹುದು ಎಂಬುದನ್ನೂ ಗೆದ್ದುಕೊಳ್ಳಬೇಕಾಯಿತು! ಮರ್ಫಿ 1938ರ ಚುನಾವಣೆಯಲ್ಲಿ ಸೋತ.

ನಮ್ಮವರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಫ್ಲಿಂಟ್‌ನಿಂದ ದೂರವಿಲ್ಲದ ಡೆಟ್ರಾಯಿಟ್ ಸುತ್ತಮುತ್ತ ಫೋರ್ಡ್ ಕಾರ್ಖಾನೆಗಳಲ್ಲಿ ಆಗಲೇ ಲೆಬನಾನ್, ಸಿರಿಯ, ಯಮನ್ ಕಡೆಯ ಮುಸ್ಲಿಮರು ದುಡಿಯುತ್ತಿದ್ದರು. 1921ರಲ್ಲೇ ಹೈಲ್ಯಾಂಡ್ ಪಾರ್ಕಿನಲ್ಲಿ ಅವರು ಮಸೀದಿ ಕಟ್ಟಿದ್ದು ಕಾರ್ಖಾನೆಯ ಸಮೀಪವೇ. ಅದೇ ಫೋರ್ಡಿನ ಡಿಯರ್‌ಬಾರ್ನ್ ಕಾರ್ಖಾನೆಗೆ 1932ರ ಮಾರ್ಚ್ 7ರಂದು ಕೆಲಸ ಕೇಳಿಕೊಂಡು ಮೆರವಣಿಗೆ ಹೋದ ನಿರುದ್ಯೋಗಿಗಳ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದಿದ್ದರು. ಐದನೆಯವನು ಗಾಯದಿಂದ ಆಮೇಲೆ ಸತ್ತ. ಗಲ್ಫಿಗೆ ಮಕ್ಕಳನ್ನು ಕಳಿಸಿ ಕಾಯುತ್ತಿರುವ ನಮ್ಮ ಮನೆಗಳಿಗೆ ಇದು ದೂರದ ಕಥೆಯೇನಲ್ಲ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಕೂಲಿಗೆ ದುಡಿಯುವುದು ಶರೀಅತ್‌ನಲ್ಲಿ ಒಂದು ಕರಾರು. ಕರಾರುಗಳನ್ನು ಪೂರೈಸಿರಿ ಎಂಬುದು ಅಲ್ ಮಾಇದ ಅಧ್ಯಾಯದ ಮೊದಲ ಆಜ್ಞೆ, ಅದು ಎರಡೂ ಕಡೆಯವರಿಗೆ. ಮಾಲಕ ತಾನಾಗಿ ಸಂಬಳ ಇಳಿಸಿದರೆ, ಗಂಟೆ ಏರಿಸಿದರೆ, ಮೊದಲು ಕರಾರು ಮುರಿದವನು ಅವನು. ಆಗ ಕೆಲಸಗಾರನು ಕೈಕಟ್ಟಿ ನಿಂತರೆ ಅದನ್ನು ಫಿತ್ನ ಎನ್ನಲು ನಮಗೆ ಧೈರ್ಯವಿಲ್ಲ. ಒಬ್ಬನೇ ನಿಂತರೆ ಹಕ್ಕು, ನೂರು ಜನ ಸೇರಿ ನಿಂತರೆ ಅಪರಾಧ ಎನ್ನುವುದೂ ಸರಿಯಲ್ಲ. ಹಿಲ್ಫುಲ್ ಫುದೂಲ್ ನೆನಪಿಸಿಕೊಳ್ಳಿ. ಯಮನಿನ ಝುಬೈದ್‌ನಿಂದ ಬಂದ ವ್ಯಾಪಾರಿಯ ಸರಕು ಪಡೆದು ಆಸ್ ಬಿನ್ ವಾಇಲ್ ಎಂಬ ಮಕ್ಕಾದ ಪ್ರಮುಖ ಹಣ ಕೊಡಲಿಲ್ಲ. ಪರದೇಶಿ ಅಬೂ ಕುಬೈಸ್ ಬೆಟ್ಟ ಹತ್ತಿ ಕೂಗಿದ. ಆಗ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಹಕ್ಕು ಸಿಗುವ ತನಕ ಮರ್ದಿತನ ಜೊತೆ ಒಟ್ಟಾಗಿ ನಿಲ್ಲುತ್ತೇವೆ ಎಂದು ಆಣೆಯಿಟ್ಟರು. ಯುವಕರಾಗಿದ್ದ ಪ್ರವಾದಿವರ್ಯರು(ಸ) ಅದರಲ್ಲಿದ್ದರು. ಪ್ರವಾದಿಯಾದ ಮೇಲೂ, ಇಂದು ಕರೆದರೂ ಹೋಗುತ್ತೇನೆ ಎಂದಿದ್ದರು. ಆ ಸಭೆಯಲ್ಲಿದ್ದವರು ಮುಸ್ಲಿಮರಲ್ಲ ಎಂಬುದನ್ನೂ ಗಮನಿಸಿ.

ಆದರೆ ಪರರ ಕಾರ್ಖಾನೆಯೊಳಗೆ ಕೂತುಬಿಡುವುದು? ಇಲ್ಲಿ ನಮ್ಮ ಮನಸ್ಸು ಅಳುಕುತ್ತದೆ. ಇನ್ನೊಬ್ಬನ ಸೊತ್ತನ್ನು ಒಪ್ಪಿಗೆಯಿಲ್ಲದೆ ಹಿಡಿದಿಟ್ಟುಕೊಳ್ಳುವುದಕ್ಕೆ ಗಸ್ಬ್ ಎನ್ನುತ್ತಾರೆ, ಅದು ಸಣ್ಣ ವಿಷಯವಲ್ಲ. ಅಮೆರಿಕದ ಸುಪ್ರೀಂ ಕೋರ್ಟೂ 1939ರಲ್ಲಿ ಕೂತು ಮಾಡುವ ಮುಷ್ಕರಕ್ಕೆ ಕಾನೂನಿನ ರಕ್ಷಣೆಯಿಲ್ಲ ಎಂದಿತು. ಆದ್ದರಿಂದ ಆ ಯುವಕನಿಗೆ ನಾವು ಹೇಳುವುದಿಷ್ಟು: ಕೇಳುವ ಹಕ್ಕು ನಿನಗಿದೆ, ಜೊತೆಗೂಡಿ ಕೇಳುವ ಹಕ್ಕೂ ಇದೆ, ಕೆಲಸ ನಿಲ್ಲಿಸುವ ಮುನ್ನ ಕಾನೂನು ಕೇಳುವ ನೋಟೀಸು ಕೊಡು, ಯಂತ್ರಕ್ಕೆ ಕೈ ಹಾಕಬೇಡ, ಕೆಲಸಕ್ಕೆ ಹೋಗುವವನ ಮೇಲೆ ಕೈ ಎತ್ತಬೇಡ. ಫ್ಲಿಂಟಿನವರು ಕೂತದ್ದು ತಪ್ಪೇ ಆಗಿದ್ದರೆ, ಅದಕ್ಕಿಂತ ಮೊದಲಿನ ತಪ್ಪು ಯಾರದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದರಲ್ಲಿ ನಮಗಿಂತ ತಿಳಿದ ಉಲಮಾಗಳು ತಿದ್ದಿದರೆ ತಲೆಬಾಗುತ್ತೇವೆ.

ಸಹೋದರರೇ, ಇನ್ನು ನಮ್ಮ ವಿಷಯ. ಲಾಕ್‌ಡೌನ್ ಸಡಿಲಾದ ಸಮಯ ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದೆವು. ಅಲ್ಲೊಂದು ಮರದ ಮಿಲ್ಲು. ಒಂಬತ್ತು ಜನ ಕೆಲಸಗಾರರು, ಹೆಚ್ಚಿನವರು ನಮ್ಮ ಜಮಾಅತಿನವರೇ. ವ್ಯಾಪಾರವಿಲ್ಲ ಎಂದು ಮಾಲಕರು ದಿನಗೂಲಿ ಇಳಿಸಿದರು, ಹಿಂದಿನ ಎರಡು ತಿಂಗಳ ಬಾಕಿಯ ಮಾತೇ ಇಲ್ಲ. ಒಂಬತ್ತೂ ಜನ ಕೆಲಸಕ್ಕೆ ಬರುವುದಿಲ್ಲ ಎಂದರು. ಮಾಲಕರು ಕಮಿಟಿಯಲ್ಲಿದ್ದವರು, ಮೊದಲ ಸಫ್‌ನಲ್ಲಿ ನಿಲ್ಲುವವರು, ಮಸೀದಿಗೆ ಕೈಬಿಚ್ಚಿ ಕೊಡುವವರು. ಗುರುವಾರ ಅಸ್ರ್ ನಮಾಝಿನ ನಂತರ ಒಂದು ಪೆಟ್ಟಿಗೆ ಒಳ್ಳೆಯ ಖರ್ಜೂರ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. "ಉಸ್ತಾದರೇ, ನಾಳೆ ಸಬ್ರ್ ಬಗ್ಗೆ ಎರಡು ಮಾತು ಹೇಳಿ" ಎಂದರು. ಅಷ್ಟೇ ಹೇಳಿದ್ದು, ಮಿಲ್ಲಿನ ಹೆಸರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ನಾವು ಹೇಳಿದೆವು. ಚೆನ್ನಾಗಿಯೇ ಹೇಳಿದೆವು. ಅಯ್ಯೂಬ್(ಅ)ರ ಸಹನೆ, ಬಡವರಿಗೆ ಪರಲೋಕದಲ್ಲಿರುವ ಪದವಿ, ಒಡಕಿನ ಅಪಾಯ. ಹೇಳಿದ ಒಂದೊಂದು ಮಾತೂ ಸತ್ಯ. ಕೂಲಿಯಾಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಖಿಯಾಮತ್ ದಿನ ಅಲ್ಲಾಹನೇ ವಾದಿಯಾಗುತ್ತಾನೆ ಎಂಬ ಬುಖಾರಿಯ ಹದೀಸ್ ನಮಗೆ ಅಂದೂ ಗೊತ್ತಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ನಮಾಝ್ ಮುಗಿದು ಜನ ಚದುರಿದ ಮೇಲೆ ಆ ಒಂಬತ್ತರಲ್ಲಿ ಹಿರಿಯರೊಬ್ಬರು ಬಂದು ಸಲಾಮ್ ಹೇಳಿದರು. ಗರಗಸಕ್ಕೆ ಒಂದೂವರೆ ಬೆರಳು ಕೊಟ್ಟ ಕೈ. "ಉಸ್ತಾದ್, ಸಬ್ರ್ ಕೆಲಸಗಾರನಿಗೆ ಮಾತ್ರವಾ?" ಎಂದು ಮೆಲ್ಲನೆ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ, ಹೋದರು. ಎರಡು ದಿನದಲ್ಲಿ ಎಂಟು ಜನ ಇಳಿದ ಕೂಲಿಗೇ ಕೆಲಸಕ್ಕೆ ಮರಳಿದರು. ಅವರು ಹೋಗಲಿಲ್ಲ. ಹೊಳೆಯಾಚೆಗಿನ ಮಸೀದಿಯಲ್ಲಿ ಜುಮುಅ ನಿರ್ವಹಿಸತೊಡಗಿದರು. ಷೇರು ಇಟ್ಟುಕೊಂಡು ತೀರ್ಪು ಕೊಟ್ಟ ಆ ನ್ಯಾಯಾಧೀಶನ ಬಗ್ಗೆ ನಕ್ಕೆವು ಎಂದೆವಲ್ಲ? ನಮ್ಮದು ಒಂದು ಪೆಟ್ಟಿಗೆ ಖರ್ಜೂರ. ಆತನ ಬೆಲೆ ನಮ್ಮದಕ್ಕಿಂತ ಬಹಳ ಮೇಲಿತ್ತು.

ಈ ವಾರ ನಾವು ಬಸ್ಸು ಹತ್ತಿ ಆ ಊರಿಗೆ ಹೋದೆವು. ಹಿರಿಯರು ಮನೆಯಲ್ಲಿದ್ದರು, ಈಗ ಸಣ್ಣದೊಂದು ತರಕಾರಿ ಗಾಡಿ ಇಟ್ಟುಕೊಂಡಿದ್ದಾರೆ. ಕ್ಷಮೆ ಕೇಳಿದೆವು. "ನಿಮ್ಮನ್ನು ಅವತ್ತೇ ಬಿಟ್ಟಿದ್ದೇನೆ ಉಸ್ತಾದ್" ಎಂದರು. ಬಾಕಿ ಎಷ್ಟಿತ್ತು ಎಂದು ಕೇಳಿದೆವು. ಒಳಗಿನಿಂದ ಮಗಳ ಹಳೆಯ ಶಾಲೆ ಪುಸ್ತಕ ತರಿಸಿದರು. ಹಿಂದಿನ ಪುಟದಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದರು, ಐವತ್ತೊಂದು ದಿನದ ಕೂಲಿ. ಅದರ ಪ್ರತಿ ನಮ್ಮ ಜೇಬಿನಲ್ಲಿದೆ. ನಾಳೆ ಅಸ್ರ್ ನಂತರ ಆ ಮಾಲಕರ ಮನೆಗೆ ಹೋಗುತ್ತಿದ್ದೇವೆ. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗುವುದು ಒಳ್ಳೆಯದು. ಬರುವವರು ನಮಾಝ್ ಮುಗಿದ ಮೇಲೆ ನಮ್ಮ ಕೋಣೆಯ ಹತ್ತಿರ ಹೆಸರು ಹೇಳಿ ಹೋಗಿ. ಹಾಗೆಯೇ ನಮ್ಮ ಈ ಮೊಹಲ್ಲಾದಲ್ಲಿ ಯಾರಿಗಾದರೂ ಕೂಲಿ ಬಾಕಿಯಿದ್ದರೆ, ತಾರೀಕು ಸಹಿತ ಬರೆದು ತನ್ನಿ.